ಊಟ ಬಿಟ್ಟ ಹೆಬ್ಬಾವಮ್ಮನವರ ಮೇಲೆ ಅವರ ಕೀಪರ್ ಕೊಡುವ ದೂರು

ಮಾನ್ಯರೇ,

ಹೊರದೇಶದ ಪ್ರಾಣಿಗಳ ಈ ಪುಟ್ಟ ಉದ್ಯಾನದಲ್ಲಿ ಎಲ್ಲರಿಗಿಂತ ಕಡಿಮೆ ಓಡಾಡಿ ಎಲ್ಲರನ್ನೂ ಹೆಚ್ಚು ಓಡಾಡಿಸುವ, ಮೂಲೆಯ ಗಾಜಿನ ಪೆಟ್ಟಿಗೆಯ ಏಕೈಕ ನಿವಾಸಿಯಾದ ಬಾಲ್ ಪೈಥಾನ್ ಅಮ್ಮನವರಿಗೆ, ಪಾದಗಳು ಇಲ್ಲದಿರುವುದರಿಂದ ತಮ್ಮ ಸುರುಳಿಗೇ ನಮಸ್ಕರಿಸಿ ಬರೆದುಕೊಳ್ಳುವ ದೂರು ಏನೆಂದರೆ. ತಮಗೆ ಕಿವಿಯಿಲ್ಲ, ಹೇಳಿದರೆ ಕೇಳಿಸುವುದಿಲ್ಲ ಎಂದು ಬರೆಯುತ್ತಿದ್ದೇನೆ. ಓದಲೂ ಬರುವುದಿಲ್ಲವಲ್ಲ ಎಂದು ನಮ್ಮ ಹಾವುಪ್ರಿಯರ ಗ್ರೂಪಿನ ಅಡ್ಮಿನ್ ಆಗಲೇ ಕೊಂಕು ತೆಗೆದಿದ್ದಾರೆ. ಆ ಮೆಸೇಜನ್ನು ನಾನು ನೋಡಿಯೂ ನೋಡದವನಂತೆ ಇದ್ದೇನೆ.

ಈ ಕೆಲಸಕ್ಕೆ ಸೇರುವವರೆಗೆ ನಾನು ಒಂದು ಹಾವನ್ನೂ ಮುಟ್ಟಿರಲಿಲ್ಲ ಎಂಬುದು ನಿಜವಾದರೂ, ಹಾವು ಸಾಕಿದವರ ಪ್ರಶ್ನೆಗಳಿಗೆ ಗ್ರೂಪಿನಲ್ಲಿ ವರ್ಷಗಟ್ಟಲೆ ಉತ್ತರ ಕೊಟ್ಟಿದ್ದೆ. ಸಂದರ್ಶನದಲ್ಲಿ ತಮ್ಮ ಪೆಟ್ಟಿಗೆಯ ತೇವಾಂಶದ ಬಗ್ಗೆ ಎಷ್ಟು ಮಾತಾಡಿದೆನೆಂದರೆ, ಮ್ಯಾನೇಜರರು ಸಾಕಪ್ಪಾ ಸಾಕು, ನಾಳೆಯಿಂದಲೇ ಬಾ ಎಂದುಬಿಟ್ಟರು. ಗಾಜನ್ನು ಒಳಗಿನಿಂದಲೂ ಒರೆಸಬೇಕು, ಒರೆಸುವಾಗ ಕೈ ತಮ್ಮ ಕಡೆಗೇ ಇರುತ್ತದೆ ಎಂಬುದನ್ನು ಯಾವ ಥ್ರೆಡ್ಡಿನಲ್ಲೂ ಯಾರೂ ಬರೆದಿರಲಿಲ್ಲ. ಮನೆಯಲ್ಲಿ ಕುಡಿದ ಲೋಟವನ್ನೂ ತೊಳೆಯದ ನಾನು ಬೆಳಗಾದರೆ ತಮ್ಮ ನೀರಿನ ಬೋಗುಣಿಯನ್ನು ಉಜ್ಜಿ ಉಜ್ಜಿ ತುಂಬುತ್ತೇನೆ. ತಾವು ಅದು ತುಂಬುವುದನ್ನೇ ಕಾದಿದ್ದು, ಅದರಲ್ಲೇ ಶೌಚ ಮುಗಿಸಿ, ಗುಹೆ ಸೇರುತ್ತೀರಿ. ಇದನ್ನು ನಾನು ದೂರೆಂದು ಹೇಳುತ್ತಿಲ್ಲ, ತಮ್ಮ ಸಮಯಪ್ರಜ್ಞೆಯನ್ನು ಹೊಗಳುತ್ತಿದ್ದೇನೆ.

ಮೊದಲ ವಾರ ಮುಚ್ಚಳ ತೆಗೆದ ಕೂಡಲೇ ಊಟ ಬಂತೆಂದು ತಾವು ನನ್ನ ಕೈಗೇ ಹಾರಿದಿರಿ. ಆಗ ನಮ್ಮ ಸೀನಿಯರ್ ಮೇಡಂ ಒಂದು ಪಾಠ ಹೇಳಿಕೊಟ್ಟರು. ಕೈ ಹಾಕುವ ಮುನ್ನ ಉದ್ದನೆಯ ಕೊಕ್ಕೆಯಿಂದ ತಮ್ಮ ಪಕ್ಕೆಯನ್ನು ಮೆಲ್ಲಗೆ ತಟ್ಟಬೇಕು. ಬರುತ್ತಿರುವುದು ಕೈ, ಊಟವಲ್ಲ ಎಂದು ಅದರರ್ಥ. ತಾವು ಎಂಥ ಜಾಣೆಯೆಂದರೆ, ಕೆಲವೇ ವಾರಗಳಲ್ಲಿ ಕೊಕ್ಕೆ ತಾಗಿದರೆ ಸಾಕು, ಬಿಗಿದ ಕತ್ತನ್ನು ಸಡಿಲಿಸಿ ಮುಖ ತಿರುಗಿಸತೊಡಗಿದಿರಿ. ನಾನು ಅದರ ವಿಡಿಯೊ ಹಾಕಿದೆ, ಅಡ್ಮಿನ್ ಅದನ್ನು ಎಲ್ಲಕ್ಕಿಂತ ಮೇಲೆ ಪಿನ್ ಮಾಡಿದರು, ಜನ ನನ್ನನ್ನು ಗುರುಗಳೇ ಎಂದರು. ಅವತ್ತಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅದಾದ ಮೇಲೆಯೇ ತಾವು ಊಟ ಬಿಟ್ಟಿರಿ.

ಫ್ರೀಜರಿನ ಇಲಿಯನ್ನು ಬಿಸಿನೀರಿನಲ್ಲಿ ಕರಗಿಸಿ, ಮನೆಯಿಂದ ತಂದ ಅಕ್ಕನ ಹೇರ್ ಡ್ರೈಯರಿನಿಂದ ಅದರ ಮೈ ಒಣಗಿಸಿ, ಮೂಗಿನ ತುದಿಯನ್ನು ಬೆಚ್ಚಗೆ ಮಾಡಿ, ಇಕ್ಕಳದಲ್ಲಿ ಹಿಡಿದು ತಮ್ಮ ಮುಂದೆ ಕುಣಿಸಿದರೆ, ತಾವು ಕಣ್ಣು ಮಿಟುಕಿಸದೆ ನೋಡಿ ತಲೆ ಆಚೆ ತಿರುಗಿಸಿದಿರಿ. ತಮಗೆ ರೆಪ್ಪೆಯೇ ಇಲ್ಲವೆಂದು ಗೊತ್ತಿದ್ದರೂ ನನಗೆ ಅವಮಾನವಾಯಿತು. ಡ್ರೈಯರಿನಲ್ಲಿ ಇಲಿಯ ವಾಸನೆ ಹಿಡಿದು ಅಕ್ಕ ನನ್ನೊಡನೆ ಮಾತು ಬಿಟ್ಟಳು. ಅಮ್ಮ ಮಾತ್ರ ತಟ್ಟೆ ಮುಂದೆ ಸುಮ್ಮನೆ ಕೂತಿದ್ದ ನನ್ನನ್ನು ನೋಡಿ ಹೇಳಿದಳು: “ನಾನು ಮಾಡಿದ್ದನ್ನ ನೀನು ಮುಟ್ಟದೆ ಎದ್ದುಹೋದಾಗ ನನಗೆ ಹೇಗಾಗ್ತಿತ್ತು ಅಂತ ಈಗ ಗೊತ್ತಾಯ್ತಾ, ಮರಿ?”

ಗ್ರೂಪಿನವರು ಹೇಳಿದ್ದನ್ನೆಲ್ಲ ಮಾಡಿದೆ. ಬಲ್ಬು ಬದಲಿಸಿದೆ, ಗುಹೆ ಬದಲಿಸಿದೆ. ಉಣ್ಣುವಾಗ ಯಾರೂ ನೋಡಬಾರದೆಂದು ಒಬ್ಬರು ವಾಯ್ಸ್ ನೋಟ್ ಕಳಿಸಿದ್ದಕ್ಕೆ ಪೆಟ್ಟಿಗೆಗೆ ಪರದೆ ಕಟ್ಟಿ, ಮೇಡಂ ಅವರನ್ನೂ ಒಳಗೆ ಬಿಡದೆ, ಫೋನನ್ನು ಮಾತ್ರ ಚಿತ್ರೀಕರಣಕ್ಕೆ ನಿಲ್ಲಿಸಿದೆ. ಮೊದಲೇ ಬಡಕಲಾಗಿ ಬಂದಿದ್ದ ತಮ್ಮ ಬೆನ್ನೆಲುಬು ಎದ್ದು ಕಾಣತೊಡಗಿತು. ಮುಂದಿನ ಸಲ ತೂಕ ನೋಡುವ ಹೊತ್ತಿಗೆ ತಿನ್ನದಿದ್ದರೆ ಗಂಟಲಿಗೆ ನಳಿಕೆ ಇಳಿಸಿ ಉಣಿಸುವುದಾಗಿಯೂ, ತಮ್ಮನ್ನು ಆಸ್ಪತ್ರೆ ಕೋಣೆಗೆ ಸಾಗಿಸಿ ಬೇರೆಯವರಿಗೆ ಒಪ್ಪಿಸುವುದಾಗಿಯೂ ಉದ್ಯಾನದ ಡಾಕ್ಟರಮ್ಮ ಹೇಳಿದರು. ಇನ್ನೊಂದು ಹಾವಿಗೆ ಹಾಗೆ ನಳಿಕೆ ಇಳಿಸಿದ್ದನ್ನು ನಾನು ನೋಡಿದ್ದೆ. ಬಾಯಿ ತೆರೆದು ಹಿಡಿಯಬೇಕಾದವನು ನಾನೇ ಆಗಿದ್ದೆ. ತಮ್ಮ ಬಾಯಿಯನ್ನು ಹಾಗೆ ತೆರೆದು ಹಿಡಿಯುವ ಧೈರ್ಯ ನನಗಿಲ್ಲ.

ಆದ್ದರಿಂದ ತೂಕದ ಹಿಂದಿನ ದಿನ ಬೆಳಗ್ಗೆ, ತಮ್ಮ ಹಟಕ್ಕೆ ಸಾಕ್ಷಿಯಿರಲೆಂದು ಎಲ್ಲ ವಿಡಿಯೊಗಳನ್ನೂ ಮೇಡಂ ಅವರಿಗೆ ತೋರಿಸಿ, ತಪ್ಪು ನನ್ನದಲ್ಲ, ಈ ಹಾವಿನ ಸ್ವಭಾವವೇ ಹೀಗೆ ಎಂದು ಸಾಕಷ್ಟು ವಿವರಿಸಿದೆ. ಅವರು ಒಂದು ಸಲ ನೋಡಿದರು, ಇನ್ನೊಂದು ಸಲ ನೋಡಿದರು, ಫೋನು ವಾಪಸು ಕೊಟ್ಟರು.

“ಅಲ್ಲ ಕಣೋ, ಇಲಿ ಕೊಡೋಕೆ ಮುಂಚೆ ಪ್ರತಿ ಸಲ ಅದಕ್ಕೆ ಇದು ಊಟ ಅಲ್ಲ ಅಂತ ಯಾಕೆ ಹೇಳ್ತಿದ್ದೀಯ?”

ವಿಡಿಯೊದಲ್ಲಿ ನಾನು ಬಲಗೈಯಲ್ಲಿ ಇಲಿ ಹಿಡಿದು, ಎಡಗೈಯಲ್ಲಿ ಕೊಕ್ಕೆ ಹಿಡಿದು, ದೊಡ್ಡವರ ಮನೆಯ ಬಾಗಿಲು ತಟ್ಟುವ ವಿನಯದಿಂದ ತಮ್ಮ ಪಕ್ಕೆಯನ್ನು ತಟ್ಟುತ್ತಿದ್ದೆ. ಪ್ರತಿಯೊಂದು ವಿಡಿಯೊದಲ್ಲೂ ತಟ್ಟುತ್ತಿದ್ದೆ. ಗುರುಗಳೆನಿಸಿಕೊಂಡ ಮೇಲೆ, ಹೇಳದೆ ಕೇಳದೆ ಊಟ ತಂದು ಮುಂದೆ ಹಿಡಿಯುವುದು ಮರ್ಯಾದೆಯಲ್ಲವೆಂದು ನಾನೇ ಅಂದುಕೊಂಡಿದ್ದೆ. ತಾವೋ, ಹಸಿದ ಹೊಟ್ಟೆಯಲ್ಲಿ ಇಲಿಯನ್ನು ನೋಡುತ್ತಾ, ಗುರುಗಳು ಇದು ಊಟವಲ್ಲ ಎಂದಿದ್ದಾರೆ, ಆದ್ದರಿಂದ ಊಟವಲ್ಲ ಎಂದು ಮುಖ ತಿರುಗಿಸುತ್ತಿದ್ದಿರಿ.

ನನ್ನ ದೂರು ಇದೇ. ಮನೆಯಲ್ಲಾಗಲಿ, ಗ್ರೂಪಿನಲ್ಲಾಗಲಿ, ಈ ಭೂಮಿಯ ಮೇಲೆ ಇಲ್ಲಿಯವರೆಗೆ ನನ್ನ ಮಾತನ್ನು ಯಾರೂ ಕೇಳಿಲ್ಲ. ಕೇಳಿದವರು ತಾವೊಬ್ಬರೇ, ಅದೂ ಎಲುಬು ಕಾಣುವವರೆಗೆ. ಒಂದೇ ಒಂದು ಸಲ ಈ ಹುಡುಗನಿಗೆ ತಲೆ ಕೆಟ್ಟಿದೆ ಎಂದು ಗಬಕ್ಕನೆ ನುಂಗಿಬಿಟ್ಟಿದ್ದರೆ ತಮ್ಮ ಗಂಟೇನು ಹೋಗುತ್ತಿತ್ತು? ಇನ್ನು ಮುಂದೆ ನಾನು ಕೊಡುವ ಪ್ರತಿಯೊಂದು ಸೂಚನೆಯನ್ನೂ ಮೊದಲು ಮೇಡಂ ಅವರಲ್ಲಿ ವಿಚಾರಿಸಿ, ಆಮೇಲೆ ಪಾಲಿಸಬೇಕೆಂದೂ, ಸಾಧ್ಯವಾದರೆ ನನ್ನನ್ನು ಕಂಡಾಗ ಬಾಲವನ್ನಾದರೂ ಅಡ್ಡಡ್ಡ ಆಡಿಸಿ ಎಚ್ಚರಿಸಬೇಕೆಂದೂ ಕೋರುತ್ತೇನೆ.

ಅಂದು ಮಧ್ಯಾಹ್ನ ಪರದೆ ಬಿಚ್ಚಿದೆ, ಕೊಕ್ಕೆಯನ್ನು ಆಚೆ ಇಟ್ಟೆ, ಮೇಡಂ ಬಾಗಿಲಲ್ಲಿ ನಿಂತರು. ಇಲಿ ಪೆಟ್ಟಿಗೆಯೊಳಗೆ ಹೋಯಿತೋ ಇಲ್ಲವೋ, ತಮ್ಮ ಕತ್ತು ಅದರ ಮೇಲೆ ಎರಗಿದ್ದೇ ಕಾಣಲಿಲ್ಲ. ಇಕ್ಕಳ ಮಾತ್ರ ನನ್ನ ಕೈಯಲ್ಲಿ ಉಳಿದಿತ್ತು. ತಾವು ಇಲಿಯ ಬಾಲವನ್ನು ನುಂಗಿ ಮುಗಿಸುವವರೆಗೂ ನಾನು ಅದನ್ನು ಕೆಳಗಿಡಲಿಲ್ಲ. ಸುದ್ದಿ ಕೇಳಿ ಡಾಕ್ಟರಮ್ಮ ನಳಿಕೆ ಬೇಡವೆಂದರು. ತಾವು ನನ್ನ ಪಾಲಿಗೇ ಉಳಿದಿರಿ. ತಮ್ಮ ದುರದೃಷ್ಟಕ್ಕೆ ನನ್ನ ಸಂತಾಪವಿದೆ.

ಇಂತು, ತಮ್ಮ ವಿಧೇಯತೆಗೆ ನಾಚಿ ತಲೆ ತಗ್ಗಿಸಿರುವ,
ತಮ್ಮ ವಿಶ್ವಾಸಿ,
ಗಾಜು ಒರೆಸುವ ಗುರುಗಳು

ತಾ.ಕ.: ಊಟವಾದ ಮೇಲೆ ಅದೇ ಖುಷಿಯಲ್ಲಿ, ತಟ್ಟದೆಯೇ, ಬೋಗುಣಿ ತೆಗೆಯಲು ಕೈ ಹಾಕಿದ್ದು ನನ್ನದೇ ತಪ್ಪು. ನಿಯಮದ ಪ್ರಕಾರ ತಾವು ಮಾಡಿದ್ದು ಸರಿಯಾಗಿಯೇ ಇದೆ. ಆದರೆ ಹೆಬ್ಬೆರಳು ಊಟವಲ್ಲವೆಂದು ತಿಳಿದ ಮೇಲೂ ಅದನ್ನು ಬಿಡಲು ತಾವು ಅಷ್ಟು ಹೊತ್ತು ಯೋಚಿಸಬೇಕಾಗಿರಲಿಲ್ಲ. ಗ್ರೂಪಿನಲ್ಲಿ ಈಗ ಪಿನ್ ಆಗಿರುವುದು ಆ ಬೆರಳಿನ ಫೋಟೊ.