ತಿದಿ ಒತ್ತಿದ ರಸಿಕ

ಪ್ರೇಮನಾಥ ಮಾಡಿದ ತಪ್ಪು ಇಷ್ಟೇ: ಚಹಾ ಕುಡಿಯುವಾಗ ಬಾಯಿ ಮುಚ್ಚಿಕೊಂಡಿರಲಿಲ್ಲ.

ಠಾಣೆ ಶಹರದ ಅವನ ಆಫೀಸಿನಲ್ಲಿ ಹದಿನೈದು ದಿನಗಳಿಂದ ಒಂದೇ ಗುಸುಗುಸು. ಅಕೌಂಟ್ಸ್‌ನಿಂದ ಒಬ್ಬರನ್ನು ತಳೋಜಾದ ಗೋದಾಮಿಗೆ ಹಾಕುತ್ತಾರಂತೆ. ಒಂದೋ ಪ್ರೇಮನಾಥ, ಇಲ್ಲವೇ ಪಕ್ಕದ ಮೇಜಿನ ಹುಲಗಪ್ಪ. ಇಬ್ಬರ ಮನೆಯೂ ಡೊಂಬಿವಲಿಯಲ್ಲೇ; ಅಲ್ಲಿಂದ ತಳೋಜಾ ಎಂದರೆ ಶೇರ್ ರಿಕ್ಷಾ, ಆಮೇಲೆ ಬಸ್ಸು, ನಡುವೆ ಶೀಳ್ ಫಾಟಾ ಕೂಡುರಸ್ತೆಯ ಟ್ರಾಫಿಕ್ಕು. ಅದನ್ನು ನೆನೆದು ನೆನೆದು ಪ್ರೇಮನಾಥನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ.

ಹೀಗಿರುವಾಗ ಮ್ಯಾನೇಜರ್ ರಂಜನ್ ಸಾಹೇಬರು ಚಹಾದ ಲೋಟ ಹಿಡಿದು ಬಂದರು. "ಇಲ್ಲಿಯ ಹಳೇ ಚರ್ಚು ಉಂಟಲ್ಲ, ಆ ಇಗರ್ಜಿಯಲ್ಲಿ ನೂರೈವತ್ತು ವರ್ಷದ ಪೈಪ್ ಆರ್ಗನ್ ಉಂಟು. ಆದಿತ್ಯವಾರ ಅದರ ಸಂಗೀತ ಕಚೇರಿ, ನಮ್ಮ ಕಂಪನಿಯದ್ದೇ ಸ್ಪಾನ್ಸರ್. ನಿಮ್ಮಲ್ಲಿ ಯಾರಿಗಾದ್ರೂ ಇಂಟರೆಸ್ಟ್ ಉಂಟಾ?"

"ಇಂಟರೆಸ್ಟಾ ಸಾರ್? ಆರ್ಗನ್ ಅಂದ್ರೆ ನಂಗೆ ಜೀವ!" ಎಂದುಬಿಟ್ಟ ಪ್ರೇಮನಾಥ. ಆಸಾಮಿ ಹುಟ್ಟಿದ ಮೇಲೆ ಆ ವಾದ್ಯವನ್ನು ಕಣ್ಣಿಂದ ನೋಡಿದವನಲ್ಲ.

ಸಾಹೇಬರು ಖುಷಿಯಿಂದ ಅವನ ಬೆನ್ನು ತಟ್ಟಿದರು. "ಎಷ್ಟು ವರ್ಷ ಆಯ್ತು ಮಾರಾಯ್ರೆ, ಒಬ್ಬ ರಸಿಕ ಸಿಕ್ಕಿ! ಹಾಗಾದ್ರೆ ಅಲ್ಲಿಯ ಏರ್ಪಾಡೆಲ್ಲ ನಿಮ್ದೇ."

ಆದಿತ್ಯವಾರ ಮಧ್ಯಾಹ್ನವೇ ಪ್ರೇಮನಾಥ ಹೆಂಡತಿ ಜಯಲತಾಳನ್ನು ಕರೆದುಕೊಂಡು ಇಗರ್ಜಿ ತಲುಪಿದ. ಕರೆಯದಿದ್ದರೂ ಹುಲಗಪ್ಪ ಹಿಂದೆಯೇ ಬಂದಿದ್ದ. ಮೂವರೂ ತಲೆ ಎತ್ತಿ ನೋಡಿದರು. ಒಳಗೋಡೆಯ ತುಂಬ ಮಾಡಿನವರೆಗೆ ಕೊಳವೆಗಳು. ಕೆಲವು ಬಾಳೆದಿಂಡಿನಷ್ಟು ದಪ್ಪ, ಕೆಲವು ಕಿರುಬೆರಳಿನಷ್ಟು ಸಣ್ಣ. ಹಿಂದಿನ ಚಿಕ್ಕ ಕೋಣೆಯಲ್ಲಿ ಅದಕ್ಕೆ ಗಾಳಿ ತುಂಬುವ ದೊಡ್ಡ ತಿದಿ, ತಿದಿಗೆ ಕರೆಂಟಿನ ಮೋಟರು.

"ಪೂಜೆ ಆಗಿದೆಯಾ ಇದಕ್ಕೆ?" ಎಂದಳು ಜಯಲತಾ.

"ಇಗರ್ಜಿಯ ವಾದ್ಯಕ್ಕೆ ಎಂತ ಪೂಜೆ?"

"ಎಂತ ಅಂದ್ರೆ? ಇಷ್ಟು ದೊಡ್ಡ ಮಿಶಿನು! ನಮ್ಮನೆ ಮಿಕ್ಸರಿಗೂ ಕುಂಕುಮ ಇಡದೆ ನಾನು ಸ್ವಿಚ್ ಹಾಕಿದವಳಲ್ಲ. ಆಮೇಲೆ ಎಡವಟ್ಟಾದ್ರೆ ತಳೋಜಾಕ್ಕೆ ಹೋಗುವವರು ನೀವು, ನಾನಲ್ಲ."

ತಳೋಜಾ ಎಂದದ್ದೇ ಪ್ರೇಮನಾಥ ಸುತ್ತಮುತ್ತ ಯಾರಾದರೂ ಇದ್ದಾರೆಯೇ ಎಂದು ನೋಡಿದ. ಹುಲಗಪ್ಪ ಅಷ್ಟರಲ್ಲಿ ಚೀಲದಿಂದ ತೆಂಗಿನಕಾಯಿ ತೆಗೆದಿದ್ದ. "ಅಕ್ಕಾರು ಖರೇ ಹೇಳಾಕತ್ತಾರ್ರೀ. ಒಡೀರಿ, ಯಾರೂ ನೋಡೂದಿಲ್ಲ."

ಜಯಲತಾ ಮೋಟರಿಗೆ ಕುಂಕುಮ ಇಟ್ಟಳು, ತಿದಿಯ ಬಾಯಿಯ ಹತ್ತಿರ ಒಂದು ಹಿಡಿ ಊದುಬತ್ತಿ ಸಿಕ್ಕಿಸಿ ಹೊರಗೆ ಹೋಗಿ ಕೂತಳು. ಪ್ರೇಮನಾಥ ದೇವರ ಹೆಸರು ಹೇಳಿ ಮೋಟರಿನ ಮೂಲೆಗೇ ಕಾಯಿ ಕುಟ್ಟಿದ. ಕಾಯಿ ಚೆನ್ನಾಗಿಯೇ ಒಡೆಯಿತು. ನೀರೆಲ್ಲ ಒಳಗೆ ಹೋಯಿತು. ಚಟ್ ಎಂದು ಒಂದು ಕಿಡಿ, ಆಮೇಲೆ ಸುಟ್ಟ ವಾಸನೆ.

"ಅಯ್ಯೋ ದೇವರೇ, ಸತ್ತೆ!" ಎಂದು ಪ್ರೇಮನಾಥ ನೆಲದಲ್ಲೇ ಕೂತ.

ಅಷ್ಟು ಹೊತ್ತಿಗೆ ಆರ್ಗನ್ ನುಡಿಸುವ ಕ್ವಾಡ್ರಸ್ ಮಾಸ್ಟರು ಬಂದರು. ಎಪ್ಪತ್ತು ದಾಟಿದ ಮಂಗಳೂರಿನ ಮುದುಕರು. ಸ್ವಿಚ್ ಒತ್ತಿ ನೋಡಿದರು, ಉಸಿರಿಲ್ಲ. ಹಿಂದೆಯೇ ಬಂದ ರಂಜನ್ ಸಾಹೇಬರ ಮುಖ ಬಿಳುಪೇರಿತು. ಹೊರಗೆ ಆಗಲೇ ಬೆಂಚು ತುಂಬಿ ಜನ.

"ಹೆದರಬೇಡಿ, ಹಿಂದಿನ ಕಾಲದಲ್ಲಿ ಕರೆಂಟು ಎಲ್ಲಿತ್ತು?" ಎಂದರು ಮಾಸ್ಟರು. "ಈ ಹಿಡಿ ಉಂಟಲ್ಲ, ಬೋರಿಂಗ್ ಪಂಪಿನ ಹಾಗೆ ಮೇಲೆ ಕೆಳಗೆ ಒತ್ತಿದ್ರೆ ಗಾಳಿ ತುಂಬ್ತದೆ. ಒಬ್ಬ ಗಟ್ಟಿ ಮನುಷ್ಯ ಬೇಕು, ಅಷ್ಟೇ."

"ಪ್ರೇಮನಾಥ್ರ ಅದಾರಲ್ರೀ! ಆರ್ಗನ್ ಅಂದ್ರ ಅವರಿಗೆ ಜೀವ," ಎಂದ ಹುಲಗಪ್ಪ, ಬಹಳ ವಿನಯದಿಂದ.

ಕೋಣೆಯ ಬಾಗಿಲು ಮುಚ್ಚಿತು. ತಿದಿಯಿಂದ ಬಂದ ದಾರಕ್ಕೆ ಕಟ್ಟಿದ ಒಂದು ಸೀಸದ ಗುಂಡು ಗೋಡೆಗೆ ತೂಗುತ್ತಿತ್ತು. ಅದು ಗೋಡೆಯ ಗೆರೆ ದಾಟಿ ಮೇಲೇರಿದರೆ ಗಾಳಿ ಮುಗಿಯಿತೆಂದು ಲೆಕ್ಕ. ಪ್ರೇಮನಾಥ ಗುಂಡಿನ ಮೇಲೆ ಕಣ್ಣಿಟ್ಟು ಒತ್ತತೊಡಗಿದ. ಹೊರಗೆ ಮಾಸ್ಟರು ಕೈ ಇಟ್ಟರು ನೋಡಿ, ಕಾಲಡಿಯ ನೆಲವೇ ನಡುಗಿತು. ಆ ನಾದ ಕಿವಿಗಲ್ಲ, ನೇರ ಎದೆಗೆ ಬಂತು. ತಾನು ಒತ್ತಿದ ಗಾಳಿ ಗೋಡೆಯ ಆಚೆ ಹೀಗೆ ಹಾಡುತ್ತದೆಯೇ ಎಂದು ಅವನ ಮೈ ಜುಮ್ಮೆಂದಿತು. ಒಂದು ಗಳಿಗೆ ತಳೋಜಾವೂ ಮರೆತುಹೋಯಿತು.

ಆದರೆ ಊದುಬತ್ತಿ ಅವನನ್ನು ಮರೆಯಲಿಲ್ಲ. ಹೊಗೆ ಮೂಗಿಗೆ ಏರಿ "ಆಕ್ಷೀ!" ಎಂದ. ಹಿಡಿ ತಪ್ಪಿತು, ಗುಂಡು ಮೇಲೇರಿತು, ಹೊರಗೆ ಆರ್ಗನ್ನಿನ ಸ್ವರ ಬಿಕ್ಕಿ ಬಿಕ್ಕಿ ಅತ್ತ ಹಾಗೆ ಇಳಿಯಿತು. ಬಿದ್ದೆದ್ದು ಮತ್ತೆ ಒತ್ತಿದ. ಮತ್ತೊಂದು ಸೀನು, ಮತ್ತೊಂದು ಬಿಕ್ಕು. ಮುಗಿಯಿತು ನನ್ನ ಕತೆ ಎಂದು ಅವನಿಗೆ ಅಳುವೇ ಬಂತು. ಮುಂದಿನ ಬೆಂಚಿನಲ್ಲಿ ರಂಜನ್ ಸಾಹೇಬರೂ ಅಳುತ್ತಿದ್ದರು. "ವಾಹ್! ಆ ಬಿಕ್ಕು ಕೇಳಿದಿರಾ? ಎಂಥ ಭಾವ!"

ಇಂಟರ್ವಲ್‌ನಲ್ಲಿ ಮಾಸ್ಟರು ಹಿಂದೆ ಬಂದಾಗ ಪ್ರೇಮನಾಥ ಅವರ ಕಾಲಿಗೇ ಬಿದ್ದ. "ಮಾಸ್ಟ್ರೇ, ನಂಗೆ ಆರ್ಗನ್ ಗೊತ್ತಿಲ್ಲ, ಎಂತದೂ ಗೊತ್ತಿಲ್ಲ. ತಳೋಜಾ ಟ್ರಾನ್ಸ್‌ಫರ್ ತಪ್ಪಲಿ ಅಂತ ಸುಳ್ಳು ಹೇಳಿದೆ. ಮೋಟರ್ ಸುಟ್ಟದ್ದೂ ನಾನೇ."

ಮುದುಕರು ನಕ್ಕು ಅವನನ್ನು ಎಬ್ಬಿಸಿದರು. "ಇಷ್ಟೆಯಾ? ಮಾತಿನಲ್ಲೇ ಗೊತ್ತಾಯ್ತು, ನಮ್ಮ ಊರಿನವರು ನೀವು. ಸಾಹೇಬರ ಹತ್ರ ನಾನು ಮಾತಾಡ್ತೇನೆ. ಅಷ್ಟರವರೆಗೆ ಒತ್ತುತ್ತಾ ಇರಿ."

ಉಳಿದರ್ಧ ಅವನು ಹುರುಪಿನಿಂದ ಒತ್ತಿದ. ಕಚೇರಿ ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬೆವರಲ್ಲಿ ಮಿಂದು ಹೊರಬಂದ ಪ್ರೇಮನಾಥನಿಗೆ ಕಂಡದ್ದು, ಮೂಲೆಯಲ್ಲಿ ಮಾಸ್ಟರು ಪಿಸುಗುಡುವುದು, ಸಾಹೇಬರು ತಲೆಯಾಡಿಸುವುದು. ಸಾಹೇಬರು ಬಂದವರೇ ಅವನನ್ನು ತಬ್ಬಿಕೊಂಡರು.

"ಮಾಸ್ಟರು ಹೇಳಿದ್ರು. ನೀವು ತಳೋಜಾಕ್ಕೆ ಹೋಗೋದು ಬೇಡ, ಪಕ್ಕಾ!"

ಪ್ರೇಮನಾಥನ ಕಣ್ಣು ತುಂಬಿತು. ಜಯಲತಾ ಅಲ್ಲಿಂದಲೇ ಕೈ ಮುಗಿದಳು.

"ಮೋಟರ್ ರಿಪೇರಿಯೂ ಬೇಡವಂತೆ," ಸಾಹೇಬರು ಮುಂದುವರಿಸಿದರು. "ಅದರ ಗುರ್ ಗುರ್ ಸದ್ದಿಗೆ ಸ್ವರವೇ ಕೇಳ್ತಿರಲಿಲ್ಲವಂತೆ. ನಿಮ್ಮ ಕೈಯಂಥ ಕೈ ಮತ್ತೆ ಸಿಗೋದಿಲ್ಲ ಅಂದ್ರು. ದಿನಾ ಬೆಳಿಗ್ಗೆ ಆರಕ್ಕೆ ಅವರ ಪ್ರಾಕ್ಟೀಸು, ಆಫೀಸ್ ಬಿಟ್ಟ ಮೇಲೆ ಇನ್ನೊಂದು ಸಲ. ಕಂಪನಿ ಪರವಾಗಿ ನಿಮ್ಮನ್ನು ಕೊಟ್ಟುಬಿಟ್ಟೆ!"

ಮಾಸ್ಟರು ದೂರದಿಂದ ಕೈ ಬೀಸಿದರು. "ನಿಮ್ಮ ಕೆಲಸ ಆಯ್ತಲ್ಲ?"

"ಸಾರ್, ಬೇಡ ಸಾರ್... ನಂಗೆ ತಳೋಜಾನೇ ಇರ್ಲಿ," ಎಂದು ಪ್ರೇಮನಾಥ ಸಾಹೇಬರ ತೋಳು ಹಿಡಿದ.

"ಛೆ! ನಿಮ್ಮಂಥ ರಸಿಕರನ್ನು ಗೋದಾಮಿಗೆ ಹಾಕೋದಾ? ಅಲ್ಲಿಗೆ ಹುಲಗಪ್ಪ ಹೋಗ್ತಾರೆ. ದೂರ ಅಲ್ವಾ ಪಾಪ, ಅವರ ಮನೆ ಬಾಗಿಲಿಗೇ ಕಂಪನಿ ಕಾರು ಕಳಿಸ್ತೇವೆ."

ಹುಲಗಪ್ಪ ಬಂದು ಪ್ರೇಮನಾಥನ ಹೆಗಲ ಮೇಲೆ ಕೈ ಹಾಕಿದ. "ನಾಳೆ ನಸುಕಿನ್ಯಾಗ ನಿಮ್ಮನ್ನ ರೈಲು ಸ್ಟೇಷನ್‌ತನಕ ಕಾರಿನ್ಯಾಗ ಬಿಡಬೌದಿತ್ತರೀ," ಎಂದ. "ಏನ್ ಮಾಡೂದು, ನಮ್ಮ ಕಾರ್ ಬರೂದ ಒಂಬತ್ತಕ್ಕ."