ಪೆಟ್ಟಿಗೆ ಮಾತ್ರ ತೆಗೀಬ್ಯಾಡಿ!

ಹಾರ್ಮೋನಿಯಂ, ತಂಬೂರಿ, ದಮ್ಮಡಿ, ತಾಳ ಎಲ್ಲವೂ ನನಗೆ ಬರುತ್ತಿದ್ದವು. ಪದ ಕಟ್ಟುವುದೂ ಬರುತ್ತಿತ್ತು. ಇಂಥವನನ್ನು ಅರಸೀಕೆರೆ ಸೀಮೆಯ ಜನ ಮದುವೆ ಮನೆಗಳಿಗೆ ಎಳೆದಾಡುತ್ತಾರೆ ಎಂದು ನಂಬಿದ್ದೆ. ಮೊದಲ ಕರೆ ಬಂತು. ಜಾವಗಲ್ಲಿನ ಒಂದು ಸಾವಿನ ಮನೆಯಿಂದ!

ಅಲ್ಲಿಗೆ ಹೊರಟಿದ್ದ ಭಜನೆ ಮೇಳದವರ ಟೆಂಪೋ ದಾರಿಯಲ್ಲೇ ಕೆಟ್ಟಿತ್ತು. ನಾನೊಬ್ಬನೇ ಹೆಣದ ಮುಂದೆ ಕೂತು, ಮೊಣಕಾಲಿಗೆ ಗೆಜ್ಜೆ ಕಟ್ಟಿಕೊಂಡು, ಹಾರ್ಮೋನಿಯಂ ಪೆಟ್ಟಿಗೆ ನುಡಿಸುತ್ತ ಇಡೀ ಮೇಳದ ಕೆಲಸ ಮಾಡಿದೆ. ಬಿತ್ತನೆಯ ಖುಷಿಗೆ ಕಟ್ಟಿದ್ದ ಪದ ಹಾಡಿದರೂ ಜನ ಬಿಕ್ಕಿ ಬಿಕ್ಕಿ ಅತ್ತರು.

"ಇವನೊಬ್ಬನ್ನ ಕರೆದ್ರೆ ಸಾಕು ಕಣ್ರೀ, ಊಟಾನೂ ಒಂದೇ ಎಲೆ" ಎಂಬ ಕೀರ್ತಿ ಹಬ್ಬಿತು. ನನ್ನ ಕಲಾಜೀವನ ವಿಧ್ಯುಕ್ತವಾಗಿ ಉದ್ಘಾಟನೆಯಾಯಿತು.

ಆಮೇಲೆ ಮದುವೆಗಳಲ್ಲಿ ಕ್ಯಾಸೆಟ್ಟು ಹಾಡಿತು, ಸಾವುಗಳಲ್ಲಿ ನಾನು. ಪೆಟ್ಟಿಗೆ ಹಿಡಿದು ಬೇಲೂರು ಬಸ್ಸು ಹತ್ತಿದರೆ ಕಂಡಕ್ಟರ್ ಟಿಕೆಟ್ ಕೊಡುವ ಮೊದಲು ತಗ್ಗಿದ ದನಿಯಲ್ಲಿ, "ಯಾರು ಹೋದ್ರಣ್ಣಾ?" ಎನ್ನುತ್ತಿದ್ದ.

ಹಾರನಹಳ್ಳಿಯಲ್ಲಿ ಸೋದರಮಾವ ಹಾಸಿಗೆ ಹಿಡಿದಾಗ, ಎರಡು ಪದ ಹಾಡಿ ಗೆಲುವು ತುಂಬೋಣವೆಂದು ವಾದ್ಯಗಳ ಸಮೇತ ಹೋದೆ. ನನ್ನನ್ನು ಬೀದಿಯಲ್ಲಿ ಕಂಡವರೆಲ್ಲ ಕೆಲಸ ಬಿಟ್ಟು ಹಿಂದೆಯೇ ಬಂದರು. ಒಬ್ಬರು ಹಾರವನ್ನೂ ತಂದರು! ಮಾವ ದಡಕ್ಕನೆ ಎದ್ದು ಕೂತ.

"ಏನ್ಲಾ, ಉಸಿರು ಇರೋವಾಗ್ಲೇ ಬಂದ್ಬುಟ್ಟೆ?"

ಆ ಸಿಟ್ಟಿಗೆ ಮುದ್ದೆ ಕೇಳಿ ಉಂಡ. ಉಳಿದುಕೊಂಡ.

"ಹೋಗ್ಲಿ ಬಿಡ್ರೀ, ನಿಮ್ಮ ವಿದ್ಯೆಯಿಂದ ಒಂದು ಜೀವ ಆದ್ರೂ ಉಳೀತು" ಎಂದಳು ನನ್ನ ಹೆಂಡತಿ ಜಯಮ್ಮ.

ನಗಲಾಗಲಿಲ್ಲ. ಬದುಕಿರುವವರ ಸಂತೋಷಕ್ಕೆ ಒಮ್ಮೆಯಾದರೂ ಹಾಡಬೇಕೆಂಬ ಆಸೆ ನನ್ನನ್ನು ಒಳಗೊಳಗೇ ತಿನ್ನುತ್ತಿತ್ತು. ಮಗಳು ಸುಧಾಳ ಮದುವೆ ಹಳೇಬೀಡಿನಲ್ಲಿ ಗೊತ್ತಾದಾಗ ಅವಳಿಗೆಂದೇ ಒಂದು ಪದ ಕಟ್ಟಿದೆ. ಅಪ್ಪನನ್ನು ಯಾರು ತಡೆದಾರು!

ಛತ್ರದಲ್ಲಿ ಪೆಟ್ಟಿಗೆಯ ಬಟ್ಟೆ ಬಿಚ್ಚುವಷ್ಟರಲ್ಲಿ ಹುಡುಗನ ತಂದೆ ಕೈಮುಗಿದು ನಿಂತರು.

"ಬೀಗರೇ, ತಪ್ಪು ತಿಳ್ಕಬ್ಯಾಡಿ. ನಮ್ಮ ಕಡೆ ಹೆಂಗಸ್ರು ಹೆದರ್ಕಂಡವ್ರೆ. ಪೆಟ್ಟಿಗೆ ಮಾತ್ರ ತೆಗೀಬ್ಯಾಡಿ."

ಪೆಟ್ಟಿಗೆಯನ್ನು ಉಗ್ರಾಣದಲ್ಲಿ ಅಕ್ಕಿ ಮೂಟೆಗಳ ಹಿಂದೆ ಇಟ್ಟು ಬಂದು, ಬಂದವರಿಗೆಲ್ಲ ತಾಂಬೂಲ ಕೊಟ್ಟೆ.

ಕಾರು ಹತ್ತುವಾಗ ಸುಧಾ ನನ್ನ ಕೈ ಹಿಡಿದಳು. "ಅಪ್ಪಾ, ನನ್ನ ಪದ?"

ವಾದ್ಯವಿಲ್ಲದೆ, ಬರಿಗಂಟಲಲ್ಲಿ ಹಾಡಿದೆ. ಸುಧಾ ಅತ್ತಳು, ಜಯಮ್ಮ ಅತ್ತಳು, ಹೆದರಿದ್ದ ಹೆಂಗಸರೂ ಅತ್ತರು. ಹೆಣ್ಣು ಕಳಿಸುವಾಗ ಅಳುವುದು ಶುಭವೇ. ಅಂತೂ ಗೆದ್ದೆ ಎಂದುಕೊಂಡೆ!

ಬೀಗರು ಕಣ್ಣೊರೆಸಿಕೊಂಡು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

"ಎಂಥಾ ಕಂಠ ಬೀಗರೇ! ನಾನು ಹೋದಾಗ ನೀವೇ ಬಂದು ಹಾಡ್ಬೇಕು. ಪೆಟ್ಟಿಗೇನೂ ತನ್ನಿ."

ಮದುವೆ ಮನೆಯಲ್ಲಿ ನನಗೆ ಸಿಕ್ಕ ಮೊಟ್ಟಮೊದಲ ಆಹ್ವಾನ. ಆಗಲಿ ಎಂದೆ.