‘ಬಾಡಿಗೆ ಚಂದಿರ’ ತಂಡದ ಮೇಲಿನ ನನ್ನ ದ್ವೇಷವನ್ನು ಮುಂದುವರಿಸಲು ಅನುಕೂಲ ಕೋರಿ

ಇಂದ,
ಮಡಚುವ ವಿಭಾಗ, ಎರಡನೇ ಮೇಜು, ಎಡಗಡೆಯ ಕೆಲಸಗಾರ
(ಬಲಗಡೆಯವರು ನನ್ನ ಅತ್ತೆ)

ಗೆ,
ಮಾನ್ಯ ವ್ಯವಸ್ಥಾಪಕರು,
ಬಾಯ್ಲರ್ ಕೋಣೆಯ ಮೇಲಿನ ಗಾಜಿನ ಕಚೇರಿ,
ನಮ್ಮ ಲಾಂಡ್ರಿ

ವಿಷಯ: ನಿಲ್ಲಿಸಲಾದ ಹಾಡನ್ನೂ ಅದರ ಜೊತೆಗೆ ನಿಂತುಹೋದ ಜಗಳವನ್ನೂ ಮತ್ತೆ ಜಾರಿಗೆ ತರುವ ಬಗ್ಗೆ.

ಉಲ್ಲೇಖ: ೧) ಗಡಿಯಾರದ ಕೆಳಗೆ ತಾವು ಹಚ್ಚಿಸಿದ ನೋಟಿಸು: “ಕೆಲಸದ ವೇಳೆಯಲ್ಲಿ ಹಾಡು ಮತ್ತು ಹಾಡಿನ ಬಗ್ಗೆ ಚರ್ಚೆ, ಎರಡೂ ನಿಷೇಧ.”
೨) ಹೊಲಿಗೆ ಕೋಣೆಗೆ ವರ್ಗ ಕೋರಿ ನನ್ನ ಅತ್ತೆಯವರು ಕೊಟ್ಟಿರುವ ಅರ್ಜಿ. (ಅರ್ಜಿಯ ಭಾಷೆ ನನಗೆ ಚೆನ್ನಾಗಿ ಬರುತ್ತದೆಂದು ಅವರು ನನ್ನಿಂದಲೇ ಬರೆಸಿದರು.)

ಮಾನ್ಯರೇ,

ವಿಷಯವನ್ನು ಓದಿ ತಾವು ಈ ಹಾಳೆಯನ್ನು ಪಕ್ಕಕ್ಕಿಡುವ ಸಂಭವವಿರುವುದರಿಂದ ಮೊದಲೇ ಸ್ಪಷ್ಟಪಡಿಸುತ್ತೇನೆ: ಈ ಅರ್ಜಿ ರಜೆಗಾಗಿ ಅಲ್ಲ, ಸಂಬಳಕ್ಕಾಗಿಯೂ ಅಲ್ಲ. ಜಗಳಕ್ಕಾಗಿ. ವಿವರ ಈ ಕೆಳಗಿನಂತಿದೆ.

೧. ಮಾವನವರು ತೀರಿಕೊಂಡ ಮೇಲೆ ಅತ್ತೆಯವರು ನಮ್ಮ ಮನೆಗೆ ಬಂದರು. ಬರುವಾಗ ಎರಡು ಪೆಟ್ಟಿಗೆ ತಂದರು, ಮಾತು ತರಲಿಲ್ಲ. ಗೋಡೆ ನೋಡುತ್ತ ಕೂರುವ ಬದಲು ನಾಲ್ಕು ಜನರ ನಡುವೆ ಇರಲಿ ಎಂದು ನನ್ನ ಹೆಂಡತಿ ಕೇಳಿಕೊಂಡಾಗ ತಾವು ಕೆಲಸ ಕೊಟ್ಟಿರಿ. ಹಾಸಿಗೆಯ ಹಾಸು ಮಡಚುವ ಇಬ್ಬರೂ ಒಂದೇ ಎತ್ತರ ಇರಬೇಕು, ಇಲ್ಲವಾದರೆ ಅಂಚಿಗೆ ಅಂಚು ಕೂಡುವುದಿಲ್ಲ ಎಂಬುದು ನಮ್ಮ ವಿಭಾಗದ ನಿಯಮ. ತಾವು ಎಲ್ಲರನ್ನೂ ಗೋಡೆಗೆ ಆನಿಸಿ ಅಳೆದಾಗ ಇಡೀ ಲಾಂಡ್ರಿಯಲ್ಲಿ ನನ್ನ ಎತ್ತರಕ್ಕೆ ಸರಿಹೊಂದಿದವರು ನನ್ನ ಅತ್ತೆಯೊಬ್ಬರೇ. ಈ ಕುರಿತು ಇಸ್ತ್ರಿ ವಿಭಾಗದವರು ಆಡಿಕೊಂಡ ಮಾತುಗಳನ್ನು ಇಲ್ಲಿ ದಾಖಲಿಸುವುದಿಲ್ಲ.

೨. ತಾವು ಗಾಜಿನ ಕೋಣೆಯಿಂದ ನೋಡಿರುವಂತೆ, ನಮ್ಮ ಕೆಲಸದಲ್ಲಿ ಹಾಸಿನ ಎರಡು ತುದಿ ಹಿಡಿದು ಇಬ್ಬರೂ ದೂರ ನಿಲ್ಲಬೇಕು. ಕೊಡವಿ, ಉದ್ದಕ್ಕೆ ಮಡಚಿ, ಆಮೇಲೆ ಎದುರುಬದುರು ನಡೆದು ಬಂದು ಒಬ್ಬರ ಕೈಯ ಮೂಲೆಗಳನ್ನು ಇನ್ನೊಬ್ಬರ ಕೈಗೆ ಕೊಡಬೇಕು. ಆದ ಕಾರಣ, ದಿನವಿಡೀ ಅತ್ತೆಯವರೂ ನಾನೂ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬರುತ್ತೇವೆ, ದೂರ ಹೋಗುತ್ತೇವೆ. ಅಳಿಯನೊಬ್ಬ ಅತ್ತೆಯ ಎದುರು ಇಷ್ಟು ಸಲ ಬಂದು ನಿಂತ ಉದಾಹರಣೆ ನಮ್ಮ ಬಳಗದಲ್ಲಿಲ್ಲ. ಮೊದಮೊದಲು ‘ಹಿಡಿದ್ರಾ’, ‘ಹಿಡಿದೆ’ ಬಿಟ್ಟರೆ ನಮ್ಮ ನಡುವೆ ಬೇರೆ ಮಾತಿರಲಿಲ್ಲ.

೩. ಹೀಗಿರುವಾಗ ಬಾಯ್ಲರ್ ನೋಡಿಕೊಳ್ಳುವ, ನಾವೆಲ್ಲರೂ ಚಿಕ್ಕಪ್ಪ ಎಂದು ಕರೆಯುವ ಹಿರಿಯರು ಮನೆಯಿಂದ ಒಂದು ಸ್ಪೀಕರ್ ತಂದು ಕಂಬಕ್ಕೆ ತೂಗುಹಾಕಿದರು. ಬಸ್ಸಿನಲ್ಲೂ ಹಲ್ಲಿನ ಡಾಕ್ಟರ ಕೋಣೆಯಲ್ಲೂ ತಪ್ಪದೆ ಕೇಳುವ ‘ಬಾಡಿಗೆ ಚಂದಿರ’ ಎಂಬ ಐದು ಹುಡುಗರ ತಂಡದ ಹಾಡು ಅದರಲ್ಲಿ ಬಂತು. ಜನ ಹಣ ಕೊಟ್ಟು ಈ ಗೋಳು ಕೇಳುತ್ತಾರಲ್ಲ ಎಂದು ನಾನು ಯಾರಿಗೂ ಅಲ್ಲದ ಹಾಗೆ ಹೇಳಿದೆ. ಹಾಸಿನ ಆ ತುದಿಯಿಂದ ಅತ್ತೆಯವರು, “ಯಾಕೆ, ಚೆನ್ನಾಗೇ ಇದೆಯಲ್ಲ” ಎಂದರು. ನನ್ನ ಕೈಯಲ್ಲಿದ್ದ ಮೂಲೆ ಜಾರಿತು. ಆ ಹಾಸನ್ನು ಮತ್ತೆ ಒಗೆಯಬೇಕಾದುದಕ್ಕೆ ನಾನೇ ಹೊಣೆ.

೪. ಅಂದಿನಿಂದ ನಮ್ಮ ಜಗಳ ಕ್ರಮಬದ್ಧವಾಗಿ ನಡೆಯಿತು. ನಾನು ಮೂಲೆ ಕೊಡುವಾಗ ಒಂದು ಆಕ್ಷೇಪ ಎತ್ತುವುದು. ಅವರು ಮುಂದಿನ ಹಾಸನ್ನು ಕೊಡವುತ್ತ ಯೋಚಿಸಿ, ಎದುರು ಬಂದಾಗ ಉತ್ತರ ಕೊಡುವುದು. ಇಬ್ಬರಿಗೂ ಒಂದೊಂದು ಹಾಸಿನಷ್ಟು ಕಾಲಾವಕಾಶ ಇದ್ದುದರಿಂದ ಅವಿವೇಕದ ಮಾತು ಕಡಿಮೆ. ಪೋಸ್ಟರಿನಲ್ಲಿ ಐವರೂ ಒಬ್ಬನೇ ಕ್ಷೌರಿಕನ ಮುಂದೆ ಸಾಲಾಗಿ ಕೂತೆದ್ದವರ ಹಾಗಿದ್ದಾರೆ ಎಂದೆ. ಕೂದಲಿದ್ದವರು ಅನುಭವಿಸಲಿ, ಇಲ್ಲದವರು ಹೊಟ್ಟೆಕಿಚ್ಚು ಪಡಬಾರದು ಎಂದರು. (ಅರ್ಜಿದಾರನ ತಲೆಯನ್ನು ತಾವು ನೋಡಿದ್ದೀರಿ.) ಪ್ರತಿ ಹಾಡಿನಲ್ಲೂ ಯಾವನೋ ಕಿಟಕಿಯ ಬಳಿ ನಿಂತಿರುತ್ತಾನೆ, ಇವರ ಮನೆಗಳಿಗೆ ಬಾಗಿಲೇ ಇಲ್ಲವೇ ಎಂದೆ. ಬಾಗಿಲ ಹತ್ತಿರ ನಿಂತವನು ಹೊರಟೇ ಹೋಗುತ್ತಾನೆ, ಆಮೇಲೆ ಹಾಡೆಲ್ಲಿಂದ ಬರಬೇಕು ಎಂದರು. ಇದಕ್ಕೆ ಉತ್ತರ ಹುಡುಕುವಷ್ಟರಲ್ಲಿ ಒಂದು ಆಸ್ಪತ್ರೆಯ ಬಟ್ಟೆಯೆಲ್ಲ ಮಡಚಿ ಮುಗಿದಿತ್ತು.

ಜಗಳ ಮನೆಗೂ ಬಂತು. ಒಂದು ದಿನ ವಾದ ಅರ್ಧಕ್ಕೆ ಬಿಟ್ಟು ಏಳಲಾರದೆ ಅತ್ತೆಯವರು ಎರಡನೇ ಸಲ ಬಡಿಸಿಕೊಂಡರು. ಅದನ್ನು ನೋಡಿ ನನ್ನ ಹೆಂಡತಿ ಅಡುಗೆಮನೆಗೆ ಹೋದವಳು ಸ್ವಲ್ಪ ಹೊತ್ತು ಈಚೆ ಬರಲಿಲ್ಲ.

೫. ಈ ಅಂಶವನ್ನು ತಾವು ಎರಡು ಸಲ ಓದಬೇಕೆಂದು ಕೋರಿಕೆ. ಕೇಳುವವರಿಗೆ ಕಿವಿಯೇ ಇಲ್ಲವೇನೋ ಎಂಬಂತೆ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಾರೆ, ಒಂದು ಸಲ ಹೇಳಿದರೆ ಸಾಲದೇ ಎಂದು ನಾನು ಆಕ್ಷೇಪಿಸಿದೆ. ಒಂದು ಹಾಸು ಬಿಟ್ಟು ಮುಂದಿನದರ ಮೂಲೆ ಕೊಡುತ್ತ ಅತ್ತೆಯವರು ಹೇಳಿದರು:

“ಡಾಕ್ಟರಿಗೆ ತೋರಿಸ್ಕೊಳ್ಳಿ ಅಂತ ನಿಮ್ಮ ಮಾವನಿಗೆ ಒಂದೇ ಸಲ ಹೇಳಿದ್ದು ನಾನು. ಎಷ್ಟು ಸಲ ಹೇಳೋದು ಅಂತ ಆಮೇಲೆ ಸುಮ್ಮನಾದೆ. ಅದನ್ನ ಪಲ್ಲವಿ ಮಾಡ್ಕೊಂಡು ಹಾಡಬೇಕಿತ್ತು ಕಣಪ್ಪ.”

ಅಲ್ಲಿಯವರೆಗೆ ನಾನು ಅವರಿಗೆ ‘ಅಳಿಯಂದಿರು’ ಆಗಿದ್ದೆ, ಅಂದು ‘ಕಣಪ್ಪ’ ಆದೆ. ಈ ಮಾತಿಗೆ ನನ್ನಲ್ಲಿ ಯಾವ ಆಕ್ಷೇಪಣೆಯೂ ಇರಲಿಲ್ಲ. ಆದರೆ ಆಕ್ಷೇಪಣೆ ಇಲ್ಲವೆಂದರೆ ಜಗಳ ನಿಲ್ಲುತ್ತದೆ, ಜಗಳ ನಿಂತರೆ ಅವರು ಮತ್ತೆ ಗೋಡೆ ನೋಡುತ್ತಾರೆ. ಆದ್ದರಿಂದ ಮರುದಿನ ಬೆಳಿಗ್ಗೆ ಮೊದಲ ಹಾಸು ಹಿಡಿದೊಡನೆ, ಆ ತಂಡದ ಡ್ರಮ್ಸ್‌ನವನಿಗಿಂತ ನಮ್ಮ ಕೆಟ್ಟುನಿಂತ ಮೂರನೇ ಮಷೀನು ತಾಳ ಚೆನ್ನಾಗಿ ಹಾಕುತ್ತದೆ ಎಂದು ಕಾಲು ಕೆರೆದು ಜಗಳಕ್ಕೆ ಹೋದೆ. ಅವರ ಮುಖ ಅರಳಿತು.

೬. ಹಾಸು ಹರಿದ ಪ್ರಕರಣ. ಐವರಲ್ಲಿ ಮಧ್ಯದಲ್ಲಿ ನಿಲ್ಲುವವನ ಮೇಲೆ ಅತ್ತೆಯವರಿಗೆ ವಿಶೇಷ ಅಭಿಮಾನ. ಅವನು ಹಾಡುವುದೇ ಇಲ್ಲ, ಬಾಯಿ ಆಡಿಸುತ್ತಾನೆ, ಹಾಡುವುದು ಯಂತ್ರ ಎಂದೆ. ಅವರು ತಮ್ಮ ತುದಿಯನ್ನು ಎಳೆದರು. ನಾನು ಬಿಡಲಿಲ್ಲ. ದೊಡ್ಡ ಹೋಟೆಲಿನ ಹಾಸು ನಡುಮಧ್ಯಕ್ಕೆ ಪರ್ರೆಂದಿತು. ಕೈಯಲ್ಲಿ ಅರ್ಧರ್ಧ ಹಿಡಿದು ಇಬ್ಬರೂ ನಿಂತೆವು. ಅತ್ತೆಯವರು ನಕ್ಕರು, ಕೂರಲು ಬುಟ್ಟಿ ಬೇಕಾಗುವಷ್ಟು ನಕ್ಕರು. ತಾವು ಮೆಟ್ಟಿಲಿಳಿದು ಬಂದದ್ದು ಆ ಗಳಿಗೆಯಲ್ಲಿ. ತಾವು ಕಂಡದ್ದು ಹರಿದ ಹಾಸು ಮತ್ತು ನಗುವ ಕೆಲಸದವರು. ಮಾವನವರು ಹೋದ ಮೇಲೆ ಅತ್ತೆಯವರು ಹಲ್ಲು ಕಾಣುವಂತೆ ನಕ್ಕದ್ದು ಅದೇ ಮೊದಲೆಂಬುದು ತಮಗೆ ತಿಳಿಯುವ ಮಾರ್ಗವಿರಲಿಲ್ಲ. ಆದ ಕಾರಣ, ತಮ್ಮ ನೋಟಿಸಿನ ಬಗ್ಗೆ ನನಗೆ ಬೇಸರವಿಲ್ಲ, ಫಲಿತಾಂಶದ ಬಗ್ಗೆ ಇದೆ.

೭. ಫಲಿತಾಂಶ. ಅತ್ತೆಯವರು ‘ಹಿಡಿದ್ರಾ ಅಳಿಯಂದಿರೇ’ಗೆ ಮರಳಿದ್ದಾರೆ. ಮನೆಯಲ್ಲಿ ಹಾಡಿನ ಮಾತೆತ್ತಿದರೆ, ಬೇಡ ಅಂದಿದ್ದಾರಲ್ಲ, ಮನೆಯಲ್ಲೂ ಬೇಡ ಎನ್ನುತ್ತಾರೆ. ಬೇರೆ ವಿಷಯಗಳಲ್ಲಿ ಪ್ರಯತ್ನಿಸಿದೆ. ಅಡುಗೆಗೆ ಉಪ್ಪು ಜಾಸ್ತಿ ಎಂದೆ, ಹೌದು ಎಂದರು. ಹೊಸ ಸೋಪಿನ ಪುಡಿ ಕೈ ಸುಡುತ್ತದೆ ಎಂದೆ, ಹೌದು ಎಂದರು. ಸುಡುವುದಿಲ್ಲ ಎಂದೆ, ಅದೂ ಹೌದು ಎಂದರು. ಇಂಥ ಒಪ್ಪಿಗೆಯನ್ನು ನನ್ನ ಶತ್ರುವಿಗೂ ಬಯಸೆನು. ಈಗ ಅತ್ತೆಯವರು, ತನ್ನಿಂದಾಗಿ ಅಳಿಯನಿಗೆ ಕೆಟ್ಟ ಹೆಸರು ಬಂತೆಂದು ಹೊಲಿಗೆ ಕೋಣೆ ಕೇಳಿದ್ದಾರೆ. ಅಲ್ಲಿ ಒಬ್ಬರೇ ಕೂತು ಗುಂಡಿ ಹಾಕಬೇಕು. ಎದುರಿಗೆ ಗೋಡೆ. ಶನಿವಾರ ತಾವು ಅದಕ್ಕೆ ಸಹಿ ಮಾಡುವಿರೆಂದು ತಿಳಿದುಬಂದಿದೆ.

೮. ಗೌಪ್ಯ. ಹಾಡು ನಿಂತ ಮೇಲೆ ನಾನು ಹಲ್ಲುಜ್ಜುತ್ತ ಅದನ್ನೇ ಗುನುಗುತ್ತಿದ್ದೆನೆಂದು ನನ್ನ ಹೆಂಡತಿಯ ದೂರು. ನಿರಾಕರಿಸಿದೆ. ಚರಣ ಸಮೇತ ಹಾಡಿದಿರಿ ಎಂದಳು. ಸಂಶಯ ನಿವಾರಣೆಗಾಗಿ ಮೊಬೈಲಿನಲ್ಲಿ ಕದ್ದು ಕೇಳಿದೆ. ಹಾಡು ಚೆನ್ನಾಗಿದೆ. ಮಧ್ಯದವನು ಹಾಡುತ್ತಾನೆ. ಇದು ಅತ್ತೆಯವರಿಗೆ ತಿಳಿದರೆ ಅವರು ಗೆದ್ದರು. ಗೆದ್ದವರಿಗೆ ಮುಂದೆ ಹೇಳುವುದೇನಿರುತ್ತದೆ? ಆದ್ದರಿಂದ ಅವರಿರುವವರೆಗೂ ಆ ತಂಡವನ್ನು ದ್ವೇಷಿಸಲು ನಾನು ಸಿದ್ಧನಿದ್ದೇನೆ. ಹೆಚ್ಚುವರಿ ಸಂಬಳ ಕೇಳುವುದಿಲ್ಲ.

ಆದ್ದರಿಂದ, ಸ್ಪೀಕರನ್ನು ಉಗ್ರಾಣದಿಂದ ಬಿಡುಗಡೆ ಮಾಡಿ, ಅತ್ತೆಯವರ ವರ್ಗಾವಣೆ ಅರ್ಜಿಯನ್ನು ಎಲ್ಲಾದರೂ ಕಳೆದುಹಾಕಿ, ‘ಎರಡನೇ ಮೇಜಿನ ಎಡಗಡೆಯವನ ವಿರೋಧವನ್ನು ಲೆಕ್ಕಿಸದೆ’ ಹಾಡನ್ನು ಮತ್ತೆ ಹಾಕಲಾಗಿದೆ ಎಂದು ಹೊಸ ನೋಟಿಸು ಹಚ್ಚಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಹಾಗೂ ಬಹಿರಂಗವಾಗಿ ಆ ತಂಡದ ಕಡುವೈರಿ
(ಸಹಿ)

ಲಗತ್ತುಗಳು:
೧) ಹಾಡನ್ನು ಮತ್ತೆ ಹಾಕಿದ್ದಕ್ಕೆ ನನ್ನ ಉಗ್ರ ಪ್ರತಿಭಟನಾ ಪತ್ರ. ದಿನಾಂಕ ಖಾಲಿ ಬಿಟ್ಟಿದೆ. ಹಾಡು ಹಾಕಿದ ಮರುದಿನದ್ದನ್ನು ತುಂಬಿಕೊಳ್ಳುವುದು.
೨) ಮನೆಯಲ್ಲಿ ಎಷ್ಟು ಕೂಗಾಡಿದರೂ ತನ್ನ ಅಭ್ಯಂತರವಿಲ್ಲವೆಂದು ನನ್ನ ಹೆಂಡತಿ ಬರೆದುಕೊಟ್ಟ ಒಪ್ಪಿಗೆ.

ವಿಶೇಷ ಸೂಚನೆ: ಒಂದನೇ ಲಗತ್ತನ್ನು ಎಲ್ಲರಿಗೂ ಕಾಣುವಂತೆ ಅಂಟಿಸಿ, ಅದರ ಕೆಳಗೆ ಕೆಂಪು ಶಾಯಿಯಲ್ಲಿ “ಇವನಿಗೆ ಸಂಗೀತದ ಗಂಧಗಾಳಿಯೂ ಇಲ್ಲ, ತಿರಸ್ಕರಿಸಿದೆ” ಎಂದು ತಾವು ಸ್ವಂತ ಕೈಯಿಂದ ಬರೆಯಬೇಕು. ಆ ಒಂದು ವಾಕ್ಯ ಸಿಕ್ಕರೆ ಸಾಕು, ಅತ್ತೆಯವರು ಇನ್ನೊಂದು ವರ್ಷ ನನ್ನನ್ನು ಬಿಡುವುದಿಲ್ಲ.